ಹಳೆಯ ನಂಬರಿನ ನಟ್ಟು-ಬೋಲ್ಟು

ಪ್ರಶ್ನೆ: ನಮ್ಮ 1960ರ ದಶಕದ ಪುಟ್ಟ ವಿಮಾನ ಸೆಸ್ನಾ 150ರ ಪಾರ್ಟ್ಸ್ ಪುಸ್ತಕದಲ್ಲಿ ಎಎನ್365-1032 ನಟ್ಟು, ಎಎನ್960-10 ವಾಷರ್ ಎಂದಿದೆ. ಎಲ್ಲಿ ಕೇಳಿದರೂ ‘ಇಲ್ಲ’ ಅನ್ನುತ್ತಾರೆ. ಏನು ಮಾಡೋಣ?

ಉತ್ತರ: ಸಾಮಾನು ಇದೆ, ನಂಬರು ಬದಲಾಗಿದೆ: ಎಎನ್ ಎಂಬುದು ವಿಮಾನದ ಬಿಡಿಭಾಗಗಳ ಹಳೆಯ ಅಮೆರಿಕನ್ ಮಾನಕದ ಗುರುತು, ಎಂಎಸ್, ಎನ್‌ಎಎಸ್ ನಂತರದವು. ಆ ನಟ್ಟನ್ನು ಎಂಎಸ್21044ಎನ್3 ಎಂದು, ವಾಷರನ್ನು ಎನ್‌ಎಎಸ್1149ಎಫ್0363ಪಿ ಎಂದು ಕೇಳಿ. ಜೊತೆಗೆ ಕನ್‌ಫರ್ಮಿಟಿ ಸರ್ಟಿಫಿಕೇಟ್ (ಸಾಮಾನು ಮಾನಕಕ್ಕೆ ತಕ್ಕಂತಿದೆ ಎಂಬ ಪತ್ರ) ಇಲ್ಲದೆ ತರಬೇಡಿ. ನೈಲಾನ್ ಇರುವ ಈ ನಟ್ಟು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಎಂಜಿನ್ ಬಳಿ ಪೂರ್ತಿ ಲೋಹದ್ದೇ ಬೇಕು. ಬೋಲ್ಟು ತಿರುಗುವ ಕೀಲಿಗೆ ಇದು ಸಲ್ಲದು, ಅಲ್ಲಿ ಕ್ಯಾಸಲ್ ನಟ್ಟು (ತಲೆಯಲ್ಲಿ ಸೀಳುಗಳಿರುವ ನಟ್ಟು), ಅದು ಸಡಿಲವಾಗದಂತೆ ತೂತಿನಲ್ಲಿ ತೂರಿಸಿ ಮಡಚುವ ಕಾಟರ್ ಪಿನ್ನು ಬೇಕು.

ಬೋಲ್ಟಿನ ಉದ್ದದಲ್ಲೇ ಹೆಚ್ಚು ಜನ ಎಡವುವುದು. ಎಎನ್3-5 ಎಂದರೆ 5/8 ಇಂಚಿನ ಆಸುಪಾಸು. ಆದರೆ ಎಎನ್3-10 ಎಂದರೆ 10/8 ಅಲ್ಲ, ಸುಮಾರು 1 ಇಂಚು: 10ರ ಮೊದಲ ಅಂಕಿ ಇಂಚು, ಎರಡನೆಯದು ಇಂಚಿನ ಎಂಟನೇ ಭಾಗ. ಕೊನೆಯಲ್ಲಿ ‘ಎ’ ಇದ್ದರೆ ಕಾಟರ್ ಪಿನ್ನಿನ ತೂತು ಇರುವುದಿಲ್ಲ. ಬೋಲ್ಟಿನಲ್ಲಿ ಮರೆ (ನಟ್ಟು ತಿರುಗಿ ಕೂರುವ ಸುರುಳಿ ಗೆರೆ) ಇಲ್ಲದ ನಯವಾದ ಭಾಗ ತಗಡುಗಳ ಒಟ್ಟು ದಪ್ಪಕ್ಕೆ ಸಮವಿರಲಿ. ಮರೆ ತೂತಿನೊಳಗೆ ಕೂತರೆ ಗೋಡೆಯನ್ನು ಅರದಂತೆ ಉಜ್ಜಿ, ತೂತನ್ನೇ ದೊಡ್ಡದು ಮಾಡುತ್ತದೆ.

ಹಾರ್ಡ್‌ವೇರ್ ಅಂಗಡಿಯ ಬೋಲ್ಟನ್ನಂತೂ ದಯವಿಟ್ಟು ಹಾಕಬೇಡಿ.