ಗುಂಪಿಗೆ ಹಾಕಿದ ಲೇಖನ, ಒಬ್ಬನಿಗೆ ಸಲ್ಲಬೇಕಾದ ಮಾತು

(ಗುರುತು ಸಿಗದಂತೆ ಉದ್ಯೋಗ, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪ್ರಕರಣವನ್ನು ಬರೆಯಲು ಅವರ ಒಪ್ಪಿಗೆಯಿದೆ.)

ಐವತ್ತೆರಡು ವರ್ಷದ ಇವರನ್ನು ಇಲ್ಲಿ ಮೇಷ್ಟ್ರು ಎಂದು ಕರೆಯುತ್ತೇನೆ. ಪತ್ನಿಯ ಒತ್ತಾಯಕ್ಕೆ ನನ್ನ ಬಳಿ ಆಪ್ತಸಲಹೆಗೆ ಬಂದವರು, ಕುರ್ಚಿಯಲ್ಲಿ ಕುಳಿತ ಕೂಡಲೇ, "ಗೆಳೆಯರೆಲ್ಲ ನನ್ನನ್ನು ಬಿಟ್ಟುಬಿಟ್ಟರು, ಮೇಡಂ" ಎಂದರು.

ಹಾಸ್ಟೆಲಿನಲ್ಲಿ ಜೊತೆಗಿದ್ದ ಎಂಟು ಮಂದಿಯ ವಾಟ್ಸ್ಆ್ಯಪ್ ಗ್ರೂಪ್ ಅದು. ಆ ಕಾಲದಲ್ಲಿ ಗ್ರಂಥಾಲಯಕ್ಕೆ ಬರುತ್ತಿದ್ದ 'ಸುಧಾ', 'ಮಯೂರ'ಗಳನ್ನು ಎಲ್ಲರಿಗಿಂತ ಮೊದಲು ಓದಿ, ರಾತ್ರಿ ಊಟವಾದ ಮೇಲೆ ಕೋಣೆಯಲ್ಲಿ ಅದರ ಮಾತು ತೆಗೆಯುತ್ತಿದ್ದವರು ಇವರೇ. ಮಾತು ವಾದವಾಗಿ, ವಾದ ಜಗಳವಾಗಿ, ಮಧ್ಯರಾತ್ರಿಗೆ ಎಲ್ಲರೂ ನಗುತ್ತಾ ಮಲಗುತ್ತಿದ್ದರಂತೆ. ಈಗ ಪ್ರತಿದಿನ ಬೆಳಗಿನ ಜಾವ ಎದ್ದು, ಕೃತಕ ಬುದ್ಧಿಮತ್ತೆ, ಪತ್ರಿಕೆಗಳ ಭವಿಷ್ಯ, ಮೊಬೈಲಿನಲ್ಲಿ ಕನ್ನಡದ ಬಳಕೆ, ಯೂಟ್ಯೂಬಿಗೆ ಬಂದ ಯಕ್ಷಗಾನ ಮುಂತಾದ ವಿಷಯಗಳ ಎಂಟು ಹತ್ತು ಲೇಖನಗಳನ್ನು ಆರಿಸಿ ಗ್ರೂಪಿಗೆ ಹಾಕುತ್ತಿದ್ದರು. ಯಾರೂ ಏನೂ ಹೇಳುತ್ತಿರಲಿಲ್ಲ.

ತಮ್ಮ ಫೋನನ್ನು ನನ್ನ ಮುಂದಿಟ್ಟು, ಒಂದು ಸಂದೇಶದ ಮೇಲೆ ಬೆರಳೊತ್ತಿ, ಯಾರು ಎಷ್ಟು ಗಂಟೆಗೆ ನೋಡಿದ್ದಾರೆ ಎಂಬ ಪಟ್ಟಿಯನ್ನು ತೆರೆದರು. "ನೋಡಿ, ಇವನು 6:12ಕ್ಕೆ ಓದಿದ್ದಾನೆ. 6:13ಕ್ಕೆ ಇನ್ನೊಬ್ಬನ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿದ್ದಾನೆ." ಆ ಪಟ್ಟಿಯನ್ನು ಅವರು ದಿನಕ್ಕೆ ಹಲವು ಬಾರಿ ನೋಡುತ್ತಿದ್ದರು. ಕೊನೆಗೊಂದು ದಿನ ಗೆಳೆಯನೊಬ್ಬ, "ಮಾರಾಯ, ದಿನಾ ಇಷ್ಟೊಂದು ಫಾರ್ವರ್ಡ್ ಬೇಡ" ಎಂದು ಬರೆದ. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೀದರ್ ಜಿಲ್ಲೆಯಲ್ಲೂ ಒಂದು ಜೀವ ಬಲಿಯಾಗಿ, ವಾಟ್ಸ್ಆ್ಯಪ್ ಕಂಪನಿಯೇ ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳುಹಿಸದಂತೆ ಭಾರತದಲ್ಲಿ ಮಿತಿ ಹಾಕಿದ ಮೇಲೆ, ಫಾರ್ವರ್ಡ್ ಎಂದರೆ ಯೋಚಿಸದೆ ತಳ್ಳಿದ ಕಸ ಎಂಬ ಅರ್ಥ ಅಂಟಿಕೊಂಡಿದೆ. ಆರಿಸಿ ಆರಿಸಿ ಕಳುಹಿಸುವ ತಮಗೆ ಆ ಪದ ಬಿತ್ತಲ್ಲ ಎಂದು ಮೇಷ್ಟ್ರು ಅಂದೇ ಗ್ರೂಪ್ ಬಿಟ್ಟರು. ಅಂದಿನಿಂದ ಮನೆಯಲ್ಲಿಯೂ ಮಾತು ಕಡಿಮೆಯಾಯಿತು.

ನಿದ್ದೆ, ಹಸಿವು, ಕೆಲಸದ ಆಸಕ್ತಿ, ಬದುಕು ಬೇಡವೆನಿಸುವುದೇ ಎಂಬುದನ್ನೆಲ್ಲ ಮೊದಲು ಕೇಳಿ ತಿಳಿದುಕೊಂಡೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಭಾರವಾದರೆ ಕರೆ ಮಾಡಲೆಂದು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಆ ಪಟ್ಟಿಯಲ್ಲಿನ ಬ್ಲೂ ಟಿಕ್, ಅಂದರೆ ನೋಡಿದ್ದಾರೆಂಬ ನೀಲಿ ಗುರುತಿನ ಬಗ್ಗೆ ಒಂದು ಮಾತು ಹೇಳಬೇಕಾಯಿತು. ಒಬ್ಬರು ಗ್ರೂಪನ್ನು ತೆರೆದರೆ ಸಾಕು, ಪಟ್ಟಿಯಲ್ಲಿ ಆ ಗುರುತಿನಡಿ ಅವರ ಹೆಸರು ಬೀಳುತ್ತದೆ. ಲೇಖನವನ್ನು ತೆರೆದರೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಗೆಳೆಯರು ಓದಿದ ಮೇಲೂ ತಮ್ಮನ್ನು ಕಡೆಗಣಿಸುತ್ತಿದ್ದಾರೆಂದು ಮೇಷ್ಟ್ರು ತಿಂಗಳುಗಟ್ಟಲೆ ನೊಂದಿದ್ದರು. ಬಹುಪಾಲು ದಿನ ಅವರು ಓದಿರಲೇ ಇಲ್ಲ ಎನ್ನುವುದು ಅಷ್ಟೇನೂ ಸಂತೋಷದ ಸುದ್ದಿಯಲ್ಲ, ನಿಜ. ಆದರೆ ಅವಮಾನ ಬೇರೆ, ಪುರಸೊತ್ತಿಲ್ಲದಿರುವುದು ಬೇರೆ.

ಎರಡನೆಯ ಭೇಟಿಯಲ್ಲಿ, ಗ್ರೂಪ್ ಬಿಡುವ ಮೊದಲಿನ ವಾರ ಹಾಕಿದ ಲೇಖನಗಳಲ್ಲಿ ಮೂರರ ಬಗ್ಗೆ ನನಗೆ ಹೇಳಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಹೆಚ್ಚಿನವನ್ನು ತಾವೂ ಪೂರ್ತಿ ಓದಿರಲಿಲ್ಲವೆಂದು ಒಪ್ಪಿಕೊಂಡರು. ಆ ಪ್ರಾಮಾಣಿಕತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಒಂದನ್ನು ಮಾತ್ರ ಕಣ್ಣಿಗೆ ಕಟ್ಟುವಂತೆ ವಿವರಿಸಿದರು: 2013ರ ಜುಲೈನಲ್ಲಿ ನಿಂತುಹೋದ ತಂತಿ (ಟೆಲಿಗ್ರಾಂ) ಸೇವೆಯ ಬಗೆಗಿನ ಬರಹ. ಪದಕ್ಕಿಷ್ಟು ಎಂದು ಹಣ ಕೊಡಬೇಕಾಗಿದ್ದರಿಂದ ಜನ ಸುಖದುಃಖಗಳನ್ನು ನಾಲ್ಕೈದು ಪದಗಳಿಗೆ ಇಳಿಸುತ್ತಿದ್ದುದು, ಮದುವೆ ಹಬ್ಬಗಳ ಶುಭಾಶಯಕ್ಕೆ ಸಿದ್ಧ ವಾಕ್ಯಗಳಿದ್ದು ಅವುಗಳ ಸಂಖ್ಯೆ ಹೇಳಿದರೆ ಸಾಕಾಗುತ್ತಿದ್ದುದು, ಎಲ್ಲವನ್ನೂ ಹೇಳಿದರು.

"ಓದುವಾಗ ಯಾರಾದರೂ ನೆನಪಾದರೇ?"

"ನಮ್ಮಲ್ಲೊಬ್ಬನ ತಂದೆ ತಂತಿ ಕಚೇರಿಯಲ್ಲಿದ್ದವರು. ಅವನೇ ನೆನಪಾದ."

"ಹಾಗೆಂದು ಅವರಿಗೆ ಬರೆದಿರಾ?"

"ಇಲ್ಲ. ಗ್ರೂಪಿಗೆ ಹಾಕಿದೆ."

ನನ್ನ ಸಲಹೆಯೆಲ್ಲ ಈ ಉತ್ತರದಿಂದಲೇ ಹುಟ್ಟಿತು. ಪೂರ್ತಿ ಓದದ ಯಾವುದನ್ನೂ ಯಾರಿಗೂ ಕಳುಹಿಸಬೇಡಿ ಎಂದೆ. ಓದುವಾಗ ಯಾರ ಮುಖ ಮನಸ್ಸಿಗೆ ಬಂತೋ ಅವರೊಬ್ಬರಿಗೇ ಕಳುಹಿಸಿ, ಅವರೇಕೆ ನೆನಪಾದರೆಂಬುದನ್ನು ನಿಮ್ಮ ಮಾತಿನಲ್ಲೇ ಎರಡು ಸಾಲು ಬರೆಯಿರಿ. ಯಾರೂ ನೆನಪಾಗದಿದ್ದರೆ ಆ ಲೇಖನ ನಿಮ್ಮಲ್ಲೇ ಇರಲಿ. ಎಂಟು ಜನರ ನಡುವೆ ಹಾಕಿದ ಪ್ರಶ್ನೆಗೆ ಉತ್ತರಿಸುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. "ಲೋ, ಇದನ್ನೋದಿ ನಿಮ್ಮಪ್ಪ ನೆನಪಾದರು" ಎಂಬ ಮಾತು ಒಬ್ಬನ ಮನೆಯ ಬಾಗಿಲನ್ನೇ ತಟ್ಟುತ್ತದೆ. ಕಳುಹಿಸಿದ ಮೇಲೆ ಯಾರು ನೋಡಿದರೆಂಬ ಪಟ್ಟಿಯನ್ನು ತೆರೆಯಬಾರದು ಎಂಬುದನ್ನು ಒಂದು ತಿಂಗಳ ವ್ರತದಂತೆ ಪಾಲಿಸಲು ಕೇಳಿದೆ. ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

ಫಾರ್ವರ್ಡ್ ಎಂದು ಬರೆದ ಗೆಳೆಯನಿಗೆ ಸಮಜಾಯಿಷಿ ಬರೆಯುವುದು ಬೇಡ, ಕರೆ ಮಾಡಿ ಆರೋಗ್ಯ ವಿಚಾರಿಸಿ ಎಂದೂ ಹೇಳಿದೆ. ಅದನ್ನು ಅವರು ಇನ್ನೂ ಮಾಡಿಲ್ಲ.

ಮೂರು ವಾರದ ನಂತರ ಬಂದಾಗ ಫೋನಿನಲ್ಲಿ ಒಂದು ಧ್ವನಿ ಸಂದೇಶ ಕೇಳಿಸಿದರು. ತಂತಿ ಕಚೇರಿಯವರ ಮಗ ಅಮೆರಿಕದಿಂದ ಏಳು ನಿಮಿಷ ಮಾತಾಡಿದ್ದ. ನಿವೃತ್ತಿಯಾದ ಮೇಲೂ ಅಪ್ಪ ಯಾವುದೋ ಯೋಚನೆಯಲ್ಲಿದ್ದಾಗ ಮಂಚದ ಅಂಚಿನ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದರಂತೆ. ಅದು ತಂತಿ ಕಳುಹಿಸಲು ಬಳಸುತ್ತಿದ್ದ ಮೋರ್ಸ್ ಸಂಕೇತದ ಅಕ್ಷರಗಳೆಂದು ಅಮ್ಮನಿಗೆ ಮಾತ್ರ ಗೊತ್ತಿತ್ತಂತೆ. ಇದನ್ನು ಯಾರಿಗೂ ಹೇಳಿರಲಿಲ್ಲ ಕಣೋ ಎನ್ನುವಾಗ ಅವನ ದನಿ ಸ್ವಲ್ಪ ನಡುಗಿತು. ಮೇಷ್ಟ್ರು ಅದನ್ನು ಎರಡು ಸಲ ಕೇಳಿಸಿದರು.

ಗ್ರೂಪಿಗೆ ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಲು ಅವರಿಗೆ ಇನ್ನೂ ಮನಸ್ಸಾಗಿಲ್ಲ, ನಾನೂ ಒತ್ತಾಯಿಸಿಲ್ಲ. ಮುಂದಿನ ಭೇಟಿಗೆ ಪತ್ನಿಯನ್ನೂ ಕರೆತರಲು ಹೇಳಿದ್ದೇನೆ.