ಆಟದ ಪೀರಿಯಡ್ ಎಷ್ಟು ಗಂಟೆಗೆ, ಮೇಷ್ಟ್ರೇ?

ಪತ್ರ: ನಮ್ಮ ಶಾಲೆಯಲ್ಲಿ ಅಲ್ಬಿನಿಸಂ (ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿಗೆ ಬಣ್ಣ ತೀರಾ ಕಡಿಮೆ ಇರುವ ಸ್ಥಿತಿ) ಇರುವ ಹುಡುಗಿಯೊಬ್ಬಳಿದ್ದಾಳೆ. ಚರ್ಮದ ಕ್ಯಾನ್ಸರ್ ಬರುತ್ತದೆ ಅಂತ ಎಷ್ಟು ಹೇಳಿದರೂ ಟೋಪಿ ಹಾಕುವುದಿಲ್ಲ, ಸನ್‌ಸ್ಕ್ರೀನ್ ಹಚ್ಚುವುದಿಲ್ಲ. ಅವರಿಗೇ ಬೇಡವಾದರೆ ಅರಿವು ಮೂಡಿಸಿ ಏನು ಪ್ರಯೋಜನ? – ಒಬ್ಬ ಶಿಕ್ಷಕರು

ಉತ್ತರ: ಮೇಷ್ಟ್ರೇ, ಟೋಪಿ ಹಾಕಬೇಕಾದವಳು ಅವಳೇ, ಒಪ್ಪಿದೆ. ನನ್ನ ಒಪ್ಪಿಗೆ ಅಲ್ಲಿಗೆ ಮುಗೀತು.

ನಿಮ್ಮ ಆಟದ ಪೀರಿಯಡ್ ಎಷ್ಟು ಗಂಟೆಗೆ? ನಡುಮಧ್ಯಾಹ್ನ ಮೈದಾನಕ್ಕೆ ಕರೆದು, ಬಿಸಿಲಲ್ಲಿ ನಿಲ್ಲಬೇಡ ಅಂತ ಬೈದರೆ ಆ ಮಗು ಎಲ್ಲಿ ನಿಲ್ಲಬೇಕು? ಎಲ್ಲರ ನಡುವೆ ತಾನೊಬ್ಬಳೇ ಟೋಪಿ ಹಾಕಿಕೊಂಡು ನಿಲ್ಲೋದು ಸುಲಭ ಅಲ್ಲ. ಇಡೀ ತರಗತಿಗೇ ಟೋಪಿ ಹಾಕಿಸಿ ನೋಡಿ. ಅವಳಿಗೆ ದೃಷ್ಟಿಯೂ ಕಡಿಮೆ ಇರುತ್ತದೆ. ಬೆಳಕು ಚೆನ್ನಾಗಿರಲಿ ಅಂತ ಕಿಟಕಿ ಪಕ್ಕ ಕೂರಿಸಿದ್ದೀರಾ? ಚರ್ಮಕ್ಕೆ ಹಾನಿ ಮಾಡುವ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಎರಡು ಬಗೆ: ಗಾಜು ಯುವಿಬಿ ಕಿರಣವನ್ನು ತಡೆಯುತ್ತದೆ, ಯುವಿಎ ಬಹುಪಾಲು ಒಳಗೆ ಬರುತ್ತದೆ. ಮೋಡ ಇದ್ದ ದಿನವೂ ಚರ್ಮ ಸುಡುತ್ತದೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಾವಲು ಇಲ್ಲದವರಿಗೆ ಇನ್ನೂ ಬೇಗ.

ಈ 'ಅರಿವು' ಅನ್ನೋ ಮಾತಿನ ಮೇಲೆ ನನಗೆ ಹಳೇ ಸಿಟ್ಟು. ಜೂನ್ 13 ಅಲ್ಬಿನಿಸಂ ಜಾಗೃತಿ ದಿನ ಅಂತ ವಿಶ್ವಸಂಸ್ಥೆ 2014ರಲ್ಲಿ ಘೋಷಿಸಿತು, ಒಳ್ಳೇದೇ. ಅಂಥದ್ದೊಂದು ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ, ಬಯಲಲ್ಲಿ. ಅತಿಥಿಗಳ ವೇದಿಕೆಗೆ ಶಾಮಿಯಾನ, ಯಾರಿಗಾಗಿ ಕಾರ್ಯಕ್ರಮವೋ ಅವರಿಗೆ ಬಿಸಿಲು! ಹಂಚಿದ ಕರಪತ್ರದಲ್ಲಿ ಇರುವೆಗಾತ್ರದ ಅಕ್ಷರ, ಅದೂ ಬೂದು ಬಣ್ಣದಲ್ಲಿ. ಕನ್ನಡಕ ಹಾಕಿದ ನನಗೇ ಓದೋಕೆ ಆಗಲಿಲ್ಲ.

ಅದರಲ್ಲಿದ್ದದ್ದಾದರೂ ಏನು? ಕಪ್ಪು ಮಚ್ಚೆ ಬೆಳೆದರೆ ಡಾಕ್ಟರಿಗೆ ತೋರಿಸಿ ಅಂತ. ಆದರೆ ಅಲ್ಬಿನಿಸಂ ಇರುವವರಲ್ಲಿ ಜಾಸ್ತಿ ಕಾಣಿಸೋದು ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಮುಖ, ಕಿವಿ, ತುಟಿ, ಕುತ್ತಿಗೆ ಮೇಲೆ: ಒಣಗದ ಹುಣ್ಣು, ಮತ್ತೆ ಮತ್ತೆ ಏಳುವ ಹಕ್ಕಳೆ, ಗಟ್ಟಿಯಾದ ಒರಟು ಜಾಗ. ಅಪರೂಪಕ್ಕೆ ಬರುವ ಮೆಲನೋಮಾ ಅನ್ನೋ ಇನ್ನೊಂದು ಚರ್ಮದ ಕ್ಯಾನ್ಸರ್ ಕೂಡ ಇವರಲ್ಲಿ ಕಪ್ಪಗಿರದೆ ಗುಲಾಬಿ ಬಣ್ಣದ ಗಂಟಾಗಿ ಬರಬಹುದು. ಕಪ್ಪು ಮಚ್ಚೆ ಹುಡುಕುತ್ತಾ ಕೂತವರು ಕಿವಿ ಅಂಚಿನ ಹುಣ್ಣನ್ನು ತರಚು ಗಾಯ ಅಂದುಕೊಂಡು ಬಿಡುತ್ತಾರೆ. ಬೇಗ ಕಂಡರೆ ಕತ್ತರಿಸಿ ತೆಗೆದು ಸಾಮಾನ್ಯವಾಗಿ ಗುಣಪಡಿಸಬಹುದಾದ ಕಾಯಿಲೆ ಇದು.

ಇನ್ನು ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಎರಡೂ ಬಗೆಯ ಕಿರಣ ತಡೆಯಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಟ್ಯೂಬು ಎಷ್ಟು ದಿನ ಬಂದೀತು, ಲೆಕ್ಕ ಹಾಕಿ. ಟಾಂಜಾನಿಯಾದ ಮೋಶಿಯಲ್ಲಿ ಇವರಿಗಾಗಿಯೇ ಸನ್‌ಸ್ಕ್ರೀನ್ ತಯಾರಿಸಿ ಉಚಿತವಾಗಿ ಹಂಚುತ್ತಾರೆ. ಹೆಚ್ಚಿನ ಕಡೆ ಅದು ಅಂಗಡಿಯಲ್ಲಿ ಲಿಪ್‌ಸ್ಟಿಕ್ ಪಕ್ಕ ಕೂತಿರುತ್ತದೆ, ಬೆಲೆಯೂ ಹಾಗೇ. ಕೊಳ್ಳಲಾಗದ ಮನೆಯ ಮಗುವಿಗೆ 'ಕಾಳಜಿ ಇಲ್ಲ' ಅನ್ನೋದು ನಮಗೆ ಸಲೀಸು, ಅಲ್ವಾ? ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ನೆರಳು ಇವೇ ಮೊದಲು. ಮುಲಾಮು ಆಮೇಲೆ.

ನಿಮ್ಮನ್ನಷ್ಟೇ ಬೈದು ಸುಮ್ನಾಗೋದು ನ್ಯಾಯವಲ್ಲ. ಹಿಂದಿನ ಸಂಚಿಕೆಯಲ್ಲಿ ಸನ್‌ಸ್ಕ್ರೀನ್ ಲೇಖನವನ್ನು ಸೌಂದರ್ಯ ಪುಟಕ್ಕೆ ಹಾಕಿದವನು ನಾನೇ. ಮುಂದಿನ ಬಾರಿ ಆರೋಗ್ಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಬರುತ್ತದೆ. ಅವಳಿಗೆ ಓದೋಕೆ ಕೊಡಿ. ಪೀರಿಯಡ್ ಯಾವ ಹೊತ್ತಿಗೆ ಬದಲಾಯಿತು ಅಂತ ನನಗೂ ಒಂದು ಕಾಗದ ಬರೀರಿ.