ಮಾಸ್ಟರ್‌ಕ್ಲಾಸ್ ಆಮೇಲೆ, ಮೊದಲು ಎರಡು ಪುಟದ ಒಂದು ಸೀನ್ ಮುಗಿಸಿ

ಕಿರುಚಿತ್ರ ಮಾಡಲು ಹೊರಟ ನೀವು ಈ ಗುಂಪಿನ ಪೋಸ್ಟ್‌ನಲ್ಲಿ "ಕ್ಯಾಮೆರಾ ವರ್ಕ್‌ಶಾಪ್ ಆಯ್ತು, ಲೈಟಿಂಗ್ ಆಯ್ತು, ಈಗ ದೊಡ್ಡ ಛಾಯಾಗ್ರಾಹಕರೊಬ್ಬರ ಮಾಸ್ಟರ್‌ಕ್ಲಾಸ್‌ಗೆ ಹೆಸರು ಕೊಟ್ಟಿದ್ದೇನೆ, ಅಷ್ಟರಲ್ಲಿ ಹೊಸ ಫುಲ್‌ಫ್ರೇಮ್ ಕ್ಯಾಮೆರಾ ಬಾಡಿ ತಗೊಳ್ಳಲಾ" ಅಂತ ಕೇಳಿದ್ದೀರಿ. ಬಾಡಿ ಬೇಡ. ಆಗುವುದಾದರೆ ಆ ಮಾಸ್ಟರ್‌ಕ್ಲಾಸನ್ನೂ ಮುಂದಿನ ಬ್ಯಾಚ್‌ಗೆ ಹಾಕಿಸಿಕೊಳ್ಳಿ. ನಾನೂ ಹೀಗೇ ಒಂದಾದ ಮೇಲೊಂದು ಸೇರುತ್ತಾ ಹೋದವನು. ನೋಟ್ಸ್ ಬೆಳೆಯಿತು, ಎಡಿಟ್ ಮುಗಿದ ಒಂದು ಸೀನೂ ಕೈಯಲ್ಲಿರಲಿಲ್ಲ. ನಿಮ್ಮ ಪೋಸ್ಟ್‌ನಲ್ಲೂ ಏನು ಶೂಟ್ ಮಾಡಿದಿರಿ ಅನ್ನುವ ಮಾತೇ ಇಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ ಕೆಲಸಕ್ಕೆ ಬಂದದ್ದು ಒಂದೇ ಸೀನ್. ಎರಡು ಪುಟ, ಇಬ್ಬರು ನಟರು, ಒಂದು ಕೋಣೆ. ಪುಟಕ್ಕೆ ಒಂದು ನಿಮಿಷ ಅಂದರೂ ತೆರೆಯ ಮೇಲೆ ಸುಮಾರು ಎರಡು ನಿಮಿಷ. ನಡುವೆ ಒಬ್ಬರು ಎದ್ದು ಬಾಗಿಲಿನ ಕಡೆ ಹೋಗಲೇಬೇಕು. ಇಬ್ಬರೂ ಕೂತೇ ಮಾತಾಡಿದರೆ 180 ಡಿಗ್ರಿ ಲೈನ್ (ಇಬ್ಬರ ನಡುವಿನ ಕಾಲ್ಪನಿಕ ಗೆರೆ, ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕು) ಯಾರಿಗಾದರೂ ಸಿಗುತ್ತದೆ. ಒಬ್ಬರು ಎದ್ದ ಕೂಡಲೇ ಲೈನ್ ಅವರ ಜೊತೆ ಜರುಗುತ್ತದೆ, ಒಬ್ಬರ ಭುಜದ ಹಿಂದಿನಿಂದ ತೆಗೆಯುವ ಓವರ್ ಶೋಲ್ಡರ್ ಶಾಟ್‌ಗಳಲ್ಲಿ ನೋಟದ ದಿಕ್ಕು ತಿರುಗಿಬಿಡುತ್ತದೆ. ಬ್ಲಾಕಿಂಗ್, ಅಂದರೆ ನಟರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಅನ್ನುವುದು, ಮುಗಿಸದೆ ಕ್ಯಾಮೆರಾ ಇಟ್ಟವರ ಕಟ್ ಕೂರುವುದಿಲ್ಲ. ಇದನ್ನು ಯಾವ ಪಿಪಿಟಿಯೂ ಕಲಿಸಲ್ಲ.

ಪ್ರತಿ ವರ್ಕ್‌ಶಾಪ್ ಆದ ಮೇಲೆ ಅದೇ ಸೀನ್ ಮತ್ತೆ ತೆಗೆಯಿರಿ. ಡೈಲಾಗ್ ಬದಲಿಸಬೇಡಿ, ಕೋಣೆ ಬದಲಿಸಬೇಡಿ. ಲೈಟಿಂಗ್ ಕಲಿತು ಬಂದಿದ್ದೀರಾ, ಈ ಸಲ ಲೈಟ್ ಮಾತ್ರ ಬದಲಾಗಲಿ. ನಟನೆಯ ವರ್ಕ್‌ಶಾಪ್ ಆಯ್ತಾ, ನಟರ ಜೊತೆ ಮಾತಾಡುವ ರೀತಿ ಮಾತ್ರ ಬದಲಾಗಲಿ. ಎರಡೂ ಎಡಿಟ್ ಪಕ್ಕಪಕ್ಕ ಹಾಕಿ ನೋಡಿದರೆ ಕೊಟ್ಟ ಹಣಕ್ಕೆ ಏನು ಸಿಕ್ಕಿತು ಅಂತ ಕಣ್ಣಿಗೆ ಕಾಣುತ್ತದೆ. ಪ್ರತಿ ಸಲ ಹೊಸ ಕಥೆ ಹಿಡಿದರೆ ಚೆನ್ನಾಗಿದ್ದದ್ದು ಕಥೆಯೋ ಲೈಟೋ ಗೊತ್ತಾಗಲ್ಲ. ಒಂದು ಮಾತು, ಒಂದೇ ಸೀನ್‌ಗೆ ಮತ್ತೆ ಮತ್ತೆ ಬರುವ ನಟರು ಬೇಸರ ಪಡುತ್ತಾರೆ. ಮೊದಲೇ ಹೇಳಿ ಒಪ್ಪಿಸಿ, ಕಟ್ ಆದ ಕ್ಲಿಪ್ ಅವರಿಗೂ ಕೊಡಿ.

ಮುಂದೆ ಸೇರಬೇಕಾದದ್ದು ಸೌಂಡ್ ವರ್ಕ್‌ಶಾಪ್. ಈ ಗುಂಪಿನಲ್ಲಿ ಎಲ್ಲರೂ ಕ್ಯಾಮೆರಾದ ಸೆನ್ಸರ್ ಬಗ್ಗೆ ಜಗಳ ಆಡುತ್ತಾರೆ, ಮೈಕ್ ಎಲ್ಲಿಟ್ಟಿರಿ ಅಂತ ಒಬ್ಬರೂ ಕೇಳಲ್ಲ. ಮಸುಕಾದ ಶಾಟ್ ನೋಡುಗರು ಸಹಿಸುತ್ತಾರೆ, ಡೈಲಾಗ್ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಬೂಮ್ (ಕೋಲಿಗೆ ಕಟ್ಟಿದ ಮೈಕ್) ಫ್ರೇಮ್ ಅಂಚಿನ ಸ್ವಲ್ಪ ಮೇಲೇ ಇರಲಿ, ಬಾಯಿಗೆ ಆದಷ್ಟು ಹತ್ತಿರ. ರೆಕಾರ್ಡರ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್, ಮಾತಿನ ಪೀಕ್ (ಅತಿ ಜೋರಾದ ಮಟ್ಟ) ಮೈನಸ್ 12 ಡಿಬಿ ಸುತ್ತಮುತ್ತ. ಸೆನ್‌ಹೈಸರ್ 416 ಹೊರಾಂಗಣಕ್ಕೆ ಒಳ್ಳೆಯ ಶಾಟ್‌ಗನ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಉದ್ದನೆಯ) ಮೈಕ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಕ್ಕ ಕೋಣೆಯಲ್ಲಿ ಶಾಟ್‌ಗನ್ ಹಿಡಿದರೆ ಗೋಡೆಗೆ ಬಡಿದು ಬರುವ ಸದ್ದು ಸೇರಿ ದನಿ ಟೊಳ್ಳಾಗುತ್ತದೆ. ಒಳಾಂಗಣಕ್ಕೆ ಆಡಿಯೋ ಟೆಕ್ನಿಕಾ 4053ಬಿ ಥರದ ಹೈಪರ್‌ಕಾರ್ಡಿಯಾಯ್ಡ್ ಮೈಕ್ ಬಾಡಿಗೆಗೆ ತನ್ನಿ. ರೆಕಾರ್ಡರ್‌ಗಳಲ್ಲಿ ಝೂಮ್ ಎಫ್3 ನನಗೆ ಇಷ್ಟ, ಅದರಲ್ಲಿ 32 ಬಿಟ್ ಫ್ಲೋಟ್ ಅನ್ನುವ ರೆಕಾರ್ಡಿಂಗ್ ವಿಧಾನ ಇರುವುದರಿಂದ ಕಿರುಚಿದರೂ ದನಿ ಒಡೆದು ಕ್ಲಿಪ್ ಆಗುವ ಭಯ ಕಡಿಮೆ. ಹಾಗಂತ ಮೈಕ್ ದೂರ ಇಡಬೇಡಿ. ಕೋಣೆಯ ಪ್ರತಿಧ್ವನಿಯನ್ನು ಯಾವ ಫ್ಲೋಟೂ ತೆಗೆಯಲ್ಲ.

ರೂಮ್ ಟೋನ್, ಅಂದರೆ ಯಾರೂ ಮಾತಾಡದಿರುವಾಗಿನ ಕೋಣೆಯ ಸದ್ದು, ರೆಕಾರ್ಡ್ ಮಾಡಲು ಮರೆಯಬೇಡಿ. ಪ್ಯಾಕಪ್ ಹೇಳುವ ಮುಂಚೆ, ಎಲ್ಲರೂ ಅಲ್ಲೇ ನಿಂತಿರುವಾಗ ಕನಿಷ್ಠ 30 ಸೆಕೆಂಡ್. ಫ್ಯಾನ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡಿದವರು ಗಾಡಿ ಕೀ ಅದರೊಳಗೆ ಇಡಿ, ಮನೆಗೆ ಹೊರಡುವಾಗ ಆನ್ ಮಾಡುವುದು ತಾನಾಗೇ ನೆನಪಾಗುತ್ತದೆ.

ವರ್ಕ್‌ಶಾಪ್ ಆರಿಸುವಾಗ ಹೆಸರು ನೋಡಬೇಡಿ. ಮಾಸ್ಟರ್‌ಕ್ಲಾಸ್‌ನಲ್ಲಿ ಸಾಮಾನ್ಯವಾಗಿ ಕೂತು ಕೇಳುವುದೇ ಜಾಸ್ತಿ, ಕೈ ಹಾಕಿ ಮಾಡುವುದು ಕಡಿಮೆ. ಒಬ್ಬ ಮೆಂಟರ್‌ಗೆ ಎಷ್ಟು ಜನ, ನಾವೇ ಶೂಟ್ ಮಾಡುತ್ತೇವಾ, ನಮ್ಮ ರಶಸ್ (ಎಡಿಟ್ ಆಗದ ಶಾಟ್‌ಗಳು) ಕೂತು ನೋಡಿ ತಪ್ಪು ಹೇಳುತ್ತಾರಾ ಅಂತ ಫೋನ್ ಮಾಡಿ ಕೇಳಿ. ಉತ್ತರ ಕೊಡದೆ ಸರ್ಟಿಫಿಕೇಟ್ ಬಗ್ಗೆ ಮಾತಾಡಿದರೆ ಬಿಟ್ಟುಬಿಡಿ. ಹೋದಾಗ ನಿಮ್ಮ ಆ ಎರಡು ನಿಮಿಷದ ಕಟ್ ಫೋನ್‌ನಲ್ಲಿ ಇರಲಿ. "ಸರ್, ಇಲ್ಲಿ ಕಟ್ ಯಾಕೆ ಎದ್ದು ಕಾಣುತ್ತಿದೆ?" ಅಂತ ಕೇಳಿದರೆ ಅನುಭವ ಇದ್ದವರು ಖುಷಿಯಿಂದ ಕೂತು ಹೇಳುತ್ತಾರೆ. "ಯಾವ ಕ್ಯಾಮೆರಾ ತಗೊಳ್ಳಲಿ ಸರ್?" ಅಂತ ಅವರ ಸಮಯ ಕಳೆಯಬೇಡಿ. ದಯವಿಟ್ಟು ಇಡೀ ಸೆಷನ್ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಕೂರಲೂಬೇಡಿ.

ಇನ್ನು ವ್ಯವಹಾರದ ವರ್ಕ್‌ಶಾಪ್. "ಅದು ನಿರ್ಮಾಪಕರಿಗೆ, ನನಗೆ ಬೇಡ" ಅಂತ ಬರೆದಿದ್ದೀರಿ, ನಂಗೆ ಬೇಸರವಾಯ್ತು. ಕಿರುಚಿತ್ರ ಮಾಡುವಾಗ ನಿರ್ಮಾಪಕರೂ ನೀವೇ ಅಲ್ವಾ? ನಮ್ಮ ತಂಡದ ಒಂದು ಚಿತ್ರಕ್ಕೆ ಎಡಿಟರ್ ಹಳೆಯ ಹಾಡೊಂದನ್ನು ತಾತ್ಕಾಲಿಕವಾಗಿ ಹಾಕಿದ್ದರು. ಎಲ್ಲರಿಗೂ ಹಿಡಿಸಿತು, ಹಾಗೇ ಉಳಿಯಿತು. ಉತ್ಸವಕ್ಕೆ ಕಳಿಸುವಾಗ ಹಕ್ಕಿನ ಪತ್ರ ಕೇಳಿದರು, ಚಿತ್ರ ಅಲ್ಲೇ ನಿಂತಿತು. ಹಾಡಿಗೆ ಎರಡು ಹಕ್ಕು ಬೇಕು. ರಚನೆಯನ್ನು ದೃಶ್ಯದ ಜೊತೆ ಬಳಸಲು ಸಿಂಕ್ ಹಕ್ಕು, ಆ ರೆಕಾರ್ಡಿಂಗ್‌ಗೆ ಮಾಸ್ಟರ್ ಹಕ್ಕು. ಎರಡೂ ಬೇರೆ ಬೇರೆಯವರ ಕೈಯಲ್ಲಿ ಇರಬಹುದು. ಇಂತಿಷ್ಟು ಸೆಕೆಂಡ್‌ವರೆಗೆ ಫ್ರೀ ಅನ್ನುವುದು ಸುಳ್ಳು, ಅದನ್ನು ಇನ್ನೂ ಹಬ್ಬಿಸುತ್ತಿರುವವರು ದಯವಿಟ್ಟು ನಿಲ್ಲಿಸಿ. ನಟರ ಒಪ್ಪಿಗೆ, ಜಾಗದ ಅನುಮತಿ, ಕಥೆ ಬರೆದವರ ಮತ್ತು ಸಂಗೀತ ಮಾಡಿದವರ ಸಹಿ, ಎಲ್ಲವೂ ಶೂಟ್‌ಗೆ ಮುಂಚೆಯೇ ಕಾಗದದ ಮೇಲೆ ಇರಲಿ. ಸ್ನೇಹಿತರು ಅಂತ ಬಿಡಬೇಡಿ. ಚಿತ್ರ ಮುಗಿದ ಮೇಲೆ ಸಹಿ ಕೇಳುವುದು ಕಷ್ಟ.

ಸೌಂಡ್ ಮಿಕ್ಸ್ ಆಗುವಾಗ ಡೈಲಾಗ್, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆ ತೆಗೆಸಿಡಿ. ನಾಳೆ ಬೇರೆ ಭಾಷೆಗೆ ಡಬ್ ಮಾಡಬೇಕೆಂದರೆ ಅದೇ ಬೇಕು. ಸೆಟ್‌ನಲ್ಲಿ ಒಬ್ಬರಿಂದ ಒಳ್ಳೆಯ ಸ್ಟಿಲ್ಸ್ ತೆಗೆಸಿ, ಪೋಸ್ಟರ್‌ಗೆ ವಿಡಿಯೋ ಫ್ರೇಮ್ ಸಾಲಲ್ಲ. ಆಸ್ಕರ್ ನಿಯಮದಲ್ಲಿ ಕಿರುಚಿತ್ರ ಎಂದರೆ ಟೈಟಲ್ಸ್ ಸೇರಿ 40 ನಿಮಿಷದೊಳಗೆ, ಆದರೆ ಹೊಸಬರು ಅಷ್ಟು ಉದ್ದಕ್ಕೆ ಹೋಗಬೇಡಿ, ಉತ್ಸವಗಳಲ್ಲಿ ಚಿಕ್ಕದಕ್ಕೆ ಜಾಗ ಸಿಗುವುದು ಸುಲಭ. ಯೂಟ್ಯೂಬ್‌ಗೆ ಹಾಕುವ ಮುಂಚೆ ಉತ್ಸವಗಳ ಪ್ರೀಮಿಯರ್ (ಮೊದಲ ಪ್ರದರ್ಶನದ) ನಿಯಮ ಓದಿ, ಅಲ್ಲಿಯವರೆಗೆ ಪಾಸ್‌ವರ್ಡ್ ಲಿಂಕ್ ಸಾಕು.

ಎಡಿಟ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಸಾಕು, ಲ್ಯಾಪ್‌ಟಾಪ್ ತಡವರಿಸಿದರೆ ಪ್ರಾಕ್ಸಿ (ವಿಡಿಯೋದ ಹಗುರ ನಕಲು) ಮಾಡಿಕೊಳ್ಳಿ. ಈಗಿರುವ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಇಟ್ಟು ಶಟರ್ 1/50 ಸೆಕೆಂಡ್ ಇಡಿ, ಕೋಣೆಯ ಎಲ್‌ಇಡಿ ಮಿನುಗುತ್ತದಾ ಅಂತ ಮೊದಲು ಟೆಸ್ಟ್ ತೆಗೆಯಿರಿ. ಕಾರ್ಡ್ ಫಾರ್ಮ್ಯಾಟ್ ಮಾಡುವ ಮುಂಚೆ ಎರಡು ಡ್ರೈವ್‌ಗೆ ಕಾಪಿ ಆಗಿರಲಿ. ಸೀನ್ ಬರೆದ ಮೇಲೆ ಶಾಟ್ ಡಿವಿಷನ್ ಸಮೇತ ಇಲ್ಲೇ ಹಾಕಿ, ಬಾಗಿಲಿನ ಕಡೆ ಹೋಗುವ ಜಾಗದಲ್ಲಿ ಕ್ಯಾಮೆರಾ ಎಲ್ಲಿಡಬೇಕು ಅಂತ ಒಟ್ಟಿಗೆ ನೋಡೋಣ.